ಪಂದಿಕರಿ ತಿಂದರೂ ಬಿ12 ಕಮ್ಮಿ

ಕೊಡಗಿನಲ್ಲಿ ಯಾರಿಗಾದರೂ "ನಿಮಗೆ ವಿಟಮಿನ್ ಕಡಿಮೆ ಇದೆ" ಅಂದರೆ ಮೊದಲು ಬರುವುದು ಕೋಪ. ಊಟದ ವಿಷಯದಲ್ಲಿ ನಮ್ಮವರ ಹೆಮ್ಮೆ ಅಷ್ಟಿಷ್ಟಲ್ಲ. ಮದುವೆ ಅಂದರೆ ಹಂದಿ ಮಾಂಸದ ಪಂದಿಕರಿ, ನೆಂಟರು ಬಂದರೆ ಕೋಳಿ, ಮಳೆಗಾಲದಲ್ಲಿ ಕಣಿಲೆ, ಅಣಬೆ, ಏಡಿ, ಕೆಸುವಿನ ಸೊಪ್ಪು. ಇಷ್ಟೆಲ್ಲ ತಿನ್ನುವವರಿಗೆ ಕೊರತೆ ಎಲ್ಲಿಂದ ಬರಬೇಕು? ನಾಪೋಕ್ಲು ಕಡೆ ಇರುವ ನನ್ನ ದೊಡ್ಡಪ್ಪನೂ ಇದನ್ನೇ ಕೇಳಿದರು. ಅವರ ರಕ್ತದ ರಿಪೋರ್ಟಿನಲ್ಲಿ ಬಿ12 ಮಟ್ಟ 140 ಅಂತ ಬಂದಿತ್ತು. 200ಕ್ಕಿಂತ ಕೆಳಗೆ ಹೋದರೆ ಕೊರತೆ ಅಂತ ಲೆಕ್ಕ.

"ಭಾನುವಾರ ಭಾನುವಾರ ಹಂದಿ ಮಾಂಸ ತಿನ್ನುವವನಿಗೆ ಎಂಥ ವಿಟಮಿನ್ ಕಮ್ಮಿ ಮಾರಾಯ್ತಿ? ಲ್ಯಾಬಿನವರು ಯಾರದ್ದೋ ರಕ್ತ ನೋಡಿದ್ದಾರೆ" ಅಂದರು.

ಕೇಳಿದ್ದು ಸರಿಯಾಗಿಯೇ ಇತ್ತು. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ ಮಾತ್ರ. ಸೊಪ್ಪು, ಕಾಳು, ಅಕ್ಕಿಯಲ್ಲಿ ಅದು ಇಲ್ಲ. ಹಾಗಾಗಿ ಈ ಕೊರತೆ ಅಂದ ತಕ್ಷಣ ಎಲ್ಲರೂ ಸಸ್ಯಾಹಾರಿಗಳ ಕಡೆ ನೋಡುತ್ತಾರೆ. ಸೋಮವಾರಪೇಟೆ, ಶನಿವಾರಸಂತೆ ಕಡೆ ಮಾಂಸ ಮುಟ್ಟದ ಮನೆಗಳು ಬಹಳ ಇವೆ. ಅಲ್ಲಿನ ಹಿರಿಯರು ಹಾಲು, ಮೊಸರನ್ನೇ ನಂಬಿರಬೇಕು. ದೊಡ್ಡಪ್ಪನ ಮನೆಯ ಕಥೆ ಬೇರೆ. ಅಲ್ಲಿ ಹಂದಿ, ಕೋಳಿ, ಮತ್ತಿ ಮೀನು ಎಲ್ಲವೂ ಇತ್ತು.

(ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಂದಿ ಮಾಂಸದಲ್ಲಿ ಬಿ1 ಧಾರಾಳ, ಬಿ12 ಅಷ್ಟೇನೂ ಇಲ್ಲ. ಬಿ12 ಬೇಕೆಂದರೆ ಲಿವರ್ ಮತ್ತು ಮತ್ತಿ ಮೀನು ಅದಕ್ಕಿಂತ ಎಷ್ಟೋ ಮೇಲು. ದೊಡ್ಡಪ್ಪನಿಗೆ ಇದನ್ನು ಹೇಳುವ ಧೈರ್ಯ ನಾನು ಮಾಡಲಿಲ್ಲ.)

ಮಾಂಸದಲ್ಲಿ ಇರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದಕ್ಕೆ ಹೊಟ್ಟೆಯ ಆಮ್ಲ ಬೇಕು. ಬಿಡಿಸಿದ ಮೇಲೂ ಅದು ಸೀದಾ ರಕ್ತಕ್ಕೆ ಹೋಗುವುದಿಲ್ಲ. ಜಠರದ ಗೋಡೆ ಇನ್ನೊಂದು ಪ್ರೋಟೀನನ್ನು ತಯಾರು ಮಾಡುತ್ತದೆ, ಇಂಟ್ರಿನ್ಸಿಕ್ ಫ್ಯಾಕ್ಟರ್ ಅಂತ ಅದರ ಹೆಸರು. ಬಿ12 ಅದರ ಜೊತೆ ಸೇರಿಕೊಂಡು ಸಣ್ಣ ಕರುಳಿನ ಕಟ್ಟಕಡೆಯ ಭಾಗದವರೆಗೆ ಹೋಗಬೇಕು, ಅಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಗೇಟಿನಲ್ಲಿ ಚೀಟಿ ತೋರಿಸದ ಲಾರಿಯನ್ನು ನಿಲ್ಲಿಸುತ್ತಾರಲ್ಲ, ಹಾಗೆ. ಲೋಡು ಎಷ್ಟೇ ಇರಲಿ, ಚೀಟಿ ಇಲ್ಲದಿದ್ದರೆ ಹೊರಗೇ.

ವಯಸ್ಸಾದಂತೆ ಅನೇಕರ ಜಠರದ ಒಳಪದರ ತೆಳುವಾಗುತ್ತದೆ. ಆಮ್ಲ ಕಡಿಮೆ ಆಗುತ್ತದೆ. ಆಗ ಮಾಂಸ ಹೊಟ್ಟೆಗೆ ಬಂದರೂ ಅದರಲ್ಲಿನ ಬಿ12 ಬಿಡಿಸಿಕೊಳ್ಳದೆ ಹಾಗೇ ಮುಂದೆ ಸಾಗಿಬಿಡುತ್ತದೆ. ಇದರ ಮೇಲೆ ಎರಡು ಮಾತ್ರೆಗಳು. ಒಂದು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತೆಗೆದುಕೊಂಡರೆ ಇದು ಕರುಳಿನಲ್ಲಿ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಇನ್ನೊಂದು ನಾವೆಲ್ಲ ಗ್ಯಾಸ್ ಮಾತ್ರೆ ಅನ್ನುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್. ಅದರ ಕೆಲಸವೇ ಆಮ್ಲ ಕಡಿಮೆ ಮಾಡುವುದು. ದೊಡ್ಡಪ್ಪನಿಗೆ ವಯಸ್ಸು 70 ದಾಟಿದೆ, ಮೆಟ್‌ಫಾರ್ಮಿನ್ ಹತ್ತು ವರ್ಷಕ್ಕೂ ಹಳೆಯದು, ಗ್ಯಾಸ್ ಮಾತ್ರೆಯಂತೂ ಬೆಲ್ಲದ ಕಾಫಿಗಿಂತ ಮೊದಲು. ಮೂರೂ ಸೇರಿದ ಮೇಲೆ ಭಾನುವಾರದ ಊಟ ಎಷ್ಟು ತಡೆದೀತು?

ಇದು ಬೇಗ ಗೊತ್ತಾಗದಿರುವುದಕ್ಕೆ ಲಿವರೇ ಕಾರಣ. ನಮಗೆ ದಿನಕ್ಕೆ ಬೇಕಾದ ಬಿ12 ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲಿವರಿನಲ್ಲಿ ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುತ್ತದೆ. ಒಳಕ್ಕೆ ಬರುವುದು ನಿಂತರೂ ಶರೀರ ಆ ಹಳೆಯ ದಾಸ್ತಾನಿನಲ್ಲೇ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಮನುಷ್ಯನಿಗೂ ವಯಸ್ಸಾಗಿರುತ್ತದೆ. ಕಾಲು ಎಳೆದರೆ ವಯಸ್ಸು, ಮರೆತರೆ ವಯಸ್ಸು, ಸುಸ್ತಾದರೆ ವಯಸ್ಸು.

ದೊಡ್ಡಪ್ಪನ ವಿಷಯದಲ್ಲಿ ಮೊದಲು ಕಂಡದ್ದು ಚಪ್ಪಲಿ. ಅಂಗಳ ದಾಟಿ ಹೋಗುವಾಗ ಒಂದು ಚಪ್ಪಲಿ ಹಿಂದೆ ಉಳಿದಿರುತ್ತಿತ್ತು, ಅವರು ಒಂದೇ ಚಪ್ಪಲಿಯಲ್ಲಿ ಕೊಟ್ಟಿಗೆವರೆಗೆ ಹೋಗಿಬಿಡುತ್ತಿದ್ದರು. ಜಾರಿದ್ದು ಗೊತ್ತೇ ಆಗುತ್ತಿರಲಿಲ್ಲ. ದೊಡ್ಡಮ್ಮ ನಗುತ್ತಿದ್ದರು. ಆಮೇಲೆ ಬೆಳಗ್ಗೆ ಮುಖ ತೊಳೆಯುವಾಗ ವಾಲುವುದು ಶುರುವಾಯಿತು. ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಗೋಡೆಗೆ ಕೈ ಹೋಗುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಎಷ್ಟೋ ದಿನ ಬರುವುದಿಲ್ಲ. ಆ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದರು. ಪಾಚಿ ಅಂತ ಬೈದದ್ದೇ ಬೈದದ್ದು. ಪಾಚಿಯೂ ಇತ್ತು, ಅದು ಬೇರೆ ಮಾತು.

ಮಡಿಕೇರಿಯಲ್ಲಿ ತೋರಿಸಿದಾಗ ಡಾಕ್ಟರು ಮಾಡಿದ ಪರೀಕ್ಷೆ ಸುಲಭದ್ದು. ಎರಡೂ ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ಬಿಟ್ಟಿದ್ದಾಗ ಸರಿ ಇದ್ದರು. ಮುಚ್ಚಿ ಅಂದ ಕೂಡಲೇ ತೂಗಾಡಿದರು. ಕಂಪಿಸುವ ಲೋಹದ ಫೋರ್ಕನ್ನು ಕಾಲಿನ ಹೆಬ್ಬೆರಳಿಗೆ ಇಟ್ಟು "ಗೊತ್ತಾಗ್ತದಾ?" ಅಂದರು. ಗೊತ್ತಾಗಲಿಲ್ಲ. ಪಾದ ಎಲ್ಲಿದೆ, ನೆಲ ಹೇಗಿದೆ ಅನ್ನುವ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರಗಳು ಬೆನ್ನುಹುರಿಯ ಹಿಂಭಾಗದಲ್ಲಿವೆ. ಬಿ12 ಕಡಿಮೆಯಾದರೆ ಅವುಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಬೆಳಕಿದ್ದಾಗ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ. ಕತ್ತಲಾದರೆ, ಕಣ್ಣು ಮುಚ್ಚಿದರೆ, ಕಾಲು ಎಲ್ಲಿದೆ ಅಂತ ಹೇಳುವವರೇ ಇಲ್ಲ. ನಿಮ್ಮ ಮನೆಯ ಹಿರಿಯರು ಮುಖ ತೊಳೆಯುವಾಗ ವಾಲುತ್ತಾರಾ ಅಂತ ಒಮ್ಮೆ ನೋಡಿ. ಅದಕ್ಕೆ ಯಾವ ಮೆಷಿನ್ನೂ ಬೇಡ.

ಅಷ್ಟು ದಿನ ಇದನ್ನು ಯಾರೂ ಯಾಕೆ ಹಿಡಿಯಲಿಲ್ಲ? ಎರಡು ಕಾರಣ. ಸಕ್ಕರೆ ಕಾಯಿಲೆಯಲ್ಲೂ ಪಾದ ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ. "ಶುಗರ್ ಇದೆಯಲ್ಲ, ಅದರದ್ದೇ" ಅಂತ ಎಲ್ಲರೂ ಸುಮ್ಮನಾಗಿದ್ದರು. ಇನ್ನೊಂದು, ಅವರ ಹಿಮೋಗ್ಲೋಬಿನ್ ಚೆನ್ನಾಗಿತ್ತು. ಬಿ12 ಕೊರತೆ ಅಂದರೆ ರಕ್ತಹೀನತೆ, ಬಿಳಿಚಿದ ಮುಖ ಅಂತ ನಾವು ಓದಿಕೊಂಡದ್ದು. ರಕ್ತ ಸರಿ ಇದ್ದೂ ನರಕ್ಕೆ ಪೆಟ್ಟು ಬೀಳಬಹುದು. ವಯಸ್ಸಾದವರಲ್ಲಿ ಹೀಗಾಗುವುದು ಅಪರೂಪವೇನಲ್ಲ.

ತಲೆಗೂ ಇದು ಮುಟ್ಟುತ್ತದೆ. ದೊಡ್ಡಪ್ಪ ಮಿಲಿಟರಿಯಲ್ಲಿ ಇದ್ದವರು. ಸಂಜೆ ಇಸ್ಪೀಟಿನ 28ರ ಆಟಕ್ಕೆ ಕೂತರೆ ಯಾರ ಕೈಯಲ್ಲಿ ಯಾವ ಎಲೆ ಅಂತ ಲೆಕ್ಕ ತಪ್ಪುತ್ತಿರಲಿಲ್ಲ. ಅಂಥವರು ತುರುಫು ಯಾವುದು ಅಂತ ಕೇಳತೊಡಗಿದ್ದರು. ಕೇಳಿ, ಹೇಳಿದವರ ಮೇಲೆ ರೇಗುತ್ತಿದ್ದರು. ಮರೆವು, ಸಿಡಿಮಿಡಿ, ಬೇಸರ, ಮಂಕು ಇವೆಲ್ಲ ಪಟ್ಟಿಯಲ್ಲಿವೆ. ಮರೆವಿನ ಕಾಯಿಲೆ ಅಂತ ಯಾರನ್ನಾದರೂ ಕರೆದೊಯ್ದರೆ ಒಳ್ಳೆಯ ಡಾಕ್ಟರು ಮೊದಲು ಬಿ12, ಥೈರಾಯ್ಡ್ ಎರಡನ್ನೂ ನೋಡುವುದು ಇದಕ್ಕೇ. ಇವೆರಡನ್ನು ಸರಿಮಾಡಬಹುದು, ಉಳಿದದ್ದರಲ್ಲಿ ಬಹಳಷ್ಟನ್ನು ಆಗುವುದಿಲ್ಲ.

ಅದೇ ಊರಿನ ಒಬ್ಬರು ಅಜ್ಜಿಗೆ ಕಂಡದ್ದು ಬೇರೆಯೇ ರೀತಿ. ಅವರ ದೂರು ಕಾಳುಮೆಣಸಿನ ಮೇಲೆ. ಕರಿಗೆ ಮೆಣಸು ಜಾಸ್ತಿ, ಕಾಚಂಪುಳಿ ಜಾಸ್ತಿ, ಬಾಯಿ ಉರಿ ಅಂತ ಸೊಸೆಯ ಜೊತೆ ದಿನಾ ಜಗಳ. ಸೊಸೆ ಖಾರ ಇಳಿಸಿದಳು, ಹುಳಿ ಬಿಟ್ಟಳು. ಕೊನೆಗೆ ಬರೀ ಗಂಜಿ ಕೊಟ್ಟರೂ ಉರಿ. ಅವರ ನಾಲಗೆ ನುಣ್ಣಗೆ ಕೆಂಪಗೆ ಆಗಿತ್ತು, ಮೇಲಿನ ಸಣ್ಣ ಸಣ್ಣ ಗುಳ್ಳೆಗಳೆಲ್ಲ ಮಾಯ. ಬಿ12, ಫೋಲೇಟ್ (ಮಾತ್ರೆಯಲ್ಲಿ ಬರುವ ಫೋಲಿಕ್ ಆಸಿಡ್ ಇದರದ್ದೇ ರೂಪ), ಕಬ್ಬಿಣ, ಬಿ2 ಇವುಗಳಲ್ಲಿ ಯಾವುದು ಕಡಿಮೆಯಾದರೂ ನಾಲಗೆ ಹೀಗಾಗಬಹುದು. ತುಟಿಯ ಅಂಚು ಒಡೆಯುವುದೂ ಈ ಗುಂಪಿನದ್ದೇ. ನಾಲಗೆ ಉರಿಯುತ್ತದೆ ಅಂತ ತಿನ್ನುವುದನ್ನು ಬಿಟ್ಟರೆ ಕೊರತೆ ಇನ್ನೂ ಹೆಚ್ಚಾಗುತ್ತದೆ. ಹೆಚ್ಚಾದರೆ ಹಸಿವೆಯೇ ಆಗುವುದಿಲ್ಲ.

ಈ ಸುತ್ತು ಎಲ್ಲಕ್ಕಿಂತ ಬೇಗ ಶುರುವಾಗುವುದು ಒಬ್ಬರೇ ಇರುವ ಮನೆಗಳಲ್ಲಿ. ಕೊಡಗಿನಲ್ಲಿ ಈಗ ಅಂಥ ಮನೆಗಳು ಎಷ್ಟಿಲ್ಲ! ತೋಟದ ಮಧ್ಯ ದೊಡ್ಡ ಮನೆ, ಮಕ್ಕಳು ಬೆಂಗಳೂರಿನಲ್ಲಿ, ದುಬೈನಲ್ಲಿ. ಪಕ್ಕದ ಮನೆಗೆ ಹೋಗಬೇಕಾದರೂ ಒಂದು ಗುಡ್ಡ ಇಳಿಯಬೇಕು. ಒಬ್ಬರಿಗೋಸ್ಕರ ಕಡುಬು ಮಾಡುತ್ತಾರಾ, ಪಾಪುಟ್ಟು ಬೇಯಿಸುತ್ತಾರಾ? ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಅನ್ನ ಉಪ್ಪಿನಕಾಯಿ, ರಾತ್ರಿ ಚಹಾದಲ್ಲಿ ಅದ್ದಿದ ರಸ್ಕು. ಹಲ್ಲು ಹೋಗಿದ್ದರೆ ಮಾಂಸ ಜಗಿಯುವುದಕ್ಕೂ ಆಗುವುದಿಲ್ಲ. ಊರಿಗೆಲ್ಲ ಊಟ ಹಾಕಿದ ಕೈ ತನಗೆ ಅಂತ ಒಂದು ಮೊಟ್ಟೆ ಬೇಯಿಸಿಕೊಳ್ಳುವುದಿಲ್ಲ. ಮಗ ಫೋನಿನಲ್ಲಿ "ಊಟ ಆಯ್ತಾ?" ಅಂತ ಕೇಳಿದರೆ "ಆಯ್ತು" ಅನ್ನುತ್ತಾರೆ. ಸುಳ್ಳಲ್ಲ, ಆಗಿದೆ. ಏನು ಊಟ ಅಂತ ಕೇಳಬೇಕು.

ಲೈನ್ ಮನೆಗಳ ಹಿರಿಯರ ಮಾತಂತೂ ಹೇಳುವುದೇ ಬೇಡ. ತೋಟದ ಕೆಲಸದಲ್ಲಿ ಬೆನ್ನು ಬಾಗಿದವರು, ಪಡಿತರದ ಬಿಳಿ ಅಕ್ಕಿ, ಸಕ್ಕರೆ ಚಹಾ, ಬಾಯಿ ತುಂಬ ಎಲೆ ಅಡಿಕೆ. ದೊಡ್ಡಪ್ಪನಿಗೆ ತಿಂದದ್ದು ಹತ್ತಲಿಲ್ಲ. ಇವರಿಗೆ ತಿನ್ನುವುದಕ್ಕೇ ಇಲ್ಲ. ವಿಟಮಿನ್ ಬಗ್ಗೆ ಮಾತಾಡುವಾಗ ಈ ಎರಡನ್ನು ಒಂದೇ ತಕ್ಕಡಿಯಲ್ಲಿ ಹಾಕಬಾರದು ಅಂತ ನನಗನಿಸುತ್ತದೆ. ಇಲ್ಲಿ ಬೇಕಾದದ್ದು ಕೂಲಿ ಮತ್ತು ಊಟ, ಮಾತ್ರೆ ಆಮೇಲಿನ ಮಾತು.

ದೊಡ್ಡಪ್ಪನ ರಿಪೋರ್ಟ್ ಬಂದ ಮೇಲೆ ನಾನು ಒಂದಷ್ಟು ಓದಿದೆ. 1920ರ ದಶಕದವರೆಗೆ ಈ ಕೊರತೆಯ ಕಡುರೂಪ ಬಂದವರು ಸಾಯುತ್ತಿದ್ದರು, ಮದ್ದೇ ಇರಲಿಲ್ಲ. 1926ರಲ್ಲಿ ಅಮೆರಿಕದ ಮಿನೊಟ್ ಮತ್ತು ಮರ್ಫಿ ಅನ್ನುವ ಡಾಕ್ಟರುಗಳು ರೋಗಿಗಳಿಗೆ ದಿನಾ ರಾಶಿ ಲಿವರ್ ತಿನ್ನಿಸಿ ಗುಣಪಡಿಸಿ ತೋರಿಸಿದರು. 1934ರಲ್ಲಿ ಇನ್ನೊಬ್ಬ ವಿಜ್ಞಾನಿ ವಿಪಲ್ ಅವರ ಜೊತೆಗೆ ಇಬ್ಬರಿಗೂ ನೊಬೆಲ್ ಬಂತು. ಲಿವರಿನಲ್ಲಿ ಇದ್ದದ್ದು ಏನು ಅಂತ ಬೇರೆ ಮಾಡಿ ನೋಡಿದ್ದು 1948ರಲ್ಲಿ. ಕೆಂಪು ಹರಳು! ಅದರೊಳಗೆ ಕೋಬಾಲ್ಟ್ ಅನ್ನುವ ಲೋಹ ಇದೆ. ಅದರ ರಚನೆಯನ್ನು ಬಿಡಿಸಿಟ್ಟವರು ಡೊರೊಥಿ ಹಾಡ್ಜ್‌ಕಿನ್, 1964ರಲ್ಲಿ ಅವರಿಗೂ ನೊಬೆಲ್ ಬಂತು. ಲೂಸಿ ವಿಲ್ಸ್ ಅನ್ನುವ ಡಾಕ್ಟರ್ ನಮ್ಮ ಮುಂಬಯಿಗೇ ಬಂದು ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನು ಹತ್ತಿದರು. ಅವರು ಹುಡುಕಿದ ದಾರಿಯಲ್ಲೇ ಮುಂದೆ ಫೋಲೇಟ್ ಸಿಕ್ಕಿದ್ದು.

ಫೋಲೇಟ್ ಹೆಸರು ಬಂತಲ್ಲ, ಒಂದು ಎಚ್ಚರಿಕೆ. ಸುಸ್ತು ಅಂದರೆ ಮೆಡಿಕಲ್ ಶಾಪಿನಿಂದ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವ ಟಾನಿಕ್ ತಂದು ಕುಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಒಳಗೆ ನರ ಹಾಳಾಗುವುದು ಮಾತ್ರ ನಿಲ್ಲುವುದಿಲ್ಲ. ಬರೀ ಹಿಮೋಗ್ಲೋಬಿನ್ ನೋಡುವವರಿಗೆ ಎಲ್ಲ ಸರಿಯಾಯಿತು ಅನಿಸುತ್ತದೆ.

ಇನ್ನು ಮದ್ದು ಸೊಪ್ಪು. ಆಗಸ್ಟ್ 3ರ ಸುಮಾರಿಗೆ ಬರುವ ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅಂತ ನಂಬಿಕೆ. ಬೇಯಿಸಿದರೆ ನೇರಳೆ ಬಣ್ಣದ ರಸ, ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತುಪ್ಪ ಹಾಕಿ ತಿನ್ನುವುದು. ಮಾರನೆಯ ದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತು ಅಂತ ಲೆಕ್ಕ. ನನಗೂ ಆ ಪಾಯಸ ಅಂದರೆ ಪ್ರಾಣ, ವರ್ಷ ತಪ್ಪಿಸುವುದಿಲ್ಲ. ಆದರೆ ದೊಡ್ಡಮ್ಮ "ಇಂಜೆಕ್ಷನ್ ಎಂಥಕ್ಕೆ, ಮದ್ದು ಪಾಯಸ ಇನ್ನೊಂದು ಬಟ್ಟಲು ಕುಡಿಯಲಿ" ಅಂದಾಗ ಒಪ್ಪಲಿಲ್ಲ. ಯಾವ ಸೊಪ್ಪಿನಲ್ಲೂ ಬಿ12 ಇಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದರೆ ಮೂತ್ರ ಕಡು ಹಳದಿ ಆಗುವುದೂ ಇಂಥದ್ದೇ, ಅದು ಬಿ2 ಬಣ್ಣ. ಉಷ್ಣ ಅಂತ ಹೆದರಿ ಮಾತ್ರೆ ಬಿಡುವವರು ಬಹಳ ಇದ್ದಾರೆ.

ಕಕ್ಕಡದ ಮಾತು ಬಂದಾಗ ಡಿ ವಿಟಮಿನ್ ಬಿಡುವ ಹಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಹಿರಿಯರು ಒಲೆ ಬಿಟ್ಟು ಏಳುವುದಿಲ್ಲ. ಸ್ವೆಟರು, ಮಫ್ಲರು, ಕಾಲುಚೀಲ. ಬಿಸಿಲು ಬಂದರೂ ಅದು ಬೀಳುವುದಕ್ಕೆ ಚರ್ಮ ಎಲ್ಲಿ ಕಾಣುತ್ತದೆ? ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಬೆಚ್ಚಗಾಗುತ್ತದೆ ಅಷ್ಟೇ, ಡಿ ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ. ಜೊತೆಗೆ ವಯಸ್ಸಾದ ಚರ್ಮ ಅದೇ ಬಿಸಿಲಿನಲ್ಲಿ ಹರೆಯದವರ ಅರ್ಧದಷ್ಟೂ ಡಿ ತಯಾರಿಸುವುದಿಲ್ಲ. ಇದರ ಲಕ್ಷಣ ಜೋಮಲ್ಲ. ತೊಡೆ, ಸೊಂಟದ ಬಲ ಹೋಗುವುದು. ಕುಕ್ಕರಗಾಲಲ್ಲಿ ಕೂತವರು ಕೈ ಊರದೆ ಏಳಲಾರರು, ಮೆಟ್ಟಿಲಿನಲ್ಲಿ ಕಂಬ ಹಿಡಿಯುತ್ತಾರೆ, ಮೂಳೆ ಮೂಳೆ ನೋವು ಅನ್ನುತ್ತಾರೆ. ವಾತ ಅಂತ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ.

ಡಿ ಕೊರತೆಗೆ ಸಾಮಾನ್ಯವಾಗಿ ಬರೆದುಕೊಡುವುದು 60,000 ಯೂನಿಟ್ಟಿನ ಪೊಟ್ಟಣ, ವಾರಕ್ಕೆ ಒಂದು. ಇದನ್ನು ದಿನಕ್ಕೊಂದು ಅಂತ ತಿಳಿದು ತೆಗೆದುಕೊಂಡವರಿದ್ದಾರೆ. ಡಿ ಜಾಸ್ತಿಯಾದರೆ ಮೂತ್ರದಲ್ಲಿ ಸುಮ್ನೆ ಹೋಗಿಬಿಡುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗಲಿಬಿಲಿ, ಕೊನೆಗೆ ಕಿಡ್ನಿಗೂ ತೊಂದರೆ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ "ಭಾನುವಾರ ಮಾತ್ರ" ಅಂತ ಬರೆದು ಗೋಡೆಗೆ ಅಂಟಿಸುವುದು ವಾಸಿ.

ಇನ್ನೊಂದು ವಿಷಯ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಜೆಯ ರಮ್ಮು. ಎರಡು ಪೆಗ್ ಊಟದ ಜೊತೆ ಇದ್ದರೆ ಒಂದು ಮಾತು, ಊಟದ ಬದಲು ಆದರೆ ಇನ್ನೊಂದು. ಕುಡಿತ ಬಿ1 ಮತ್ತು ಫೋಲೇಟ್ ಎರಡನ್ನೂ ತಿನ್ನುತ್ತದೆ. ದಿನಾ ಕುಡಿದು ಊಟ ಬಿಡುವ ಹಿರಿಯರು ಒಂದು ದಿನ ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಮಾತಾಡಿದರೆ, ನಡಿಗೆ ತಪ್ಪಿದರೆ, ಕಣ್ಣುಗುಡ್ಡೆ ಅದುರಿದರೆ ಅದು ಅಮಲು ಅಂತ ಮಲಗಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿ1 ಕೊಡುವುದು ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ದೊಡ್ಡಪ್ಪನ ಇಂಜೆಕ್ಷನ್ ಕಥೆ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಸಿರಿಂಜಿನೊಳಗೆ ಕೆಂಪು ನೀರು ನೋಡಿ "ಇದು ನೋಡಲಿಕ್ಕೆ ಮದ್ದು ಪಾಯಸದ ಹಾಗೇ ಉಂಟಲ್ಲ" ಅಂತ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಗೆದ್ದ ಹಾಗೆ ನಕ್ಕರು. ಸುಸ್ತು ಬೇಗ ಕಡಿಮೆಯಾಯಿತು. ಕಾಲಿನದ್ದು ತಿಂಗಳುಗಟ್ಟಲೆ ತೆಗೆದುಕೊಂಡಿತು, ಪೂರ್ತಿ ಹೋಗಲಿಲ್ಲ. ಬೆರಳ ತುದಿ ಈಗಲೂ ಮಂಕು. ನರ ಎಷ್ಟು ದಿನ ಉಪವಾಸ ಇತ್ತು ಅನ್ನುವುದರ ಮೇಲೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ನಿಂತಿದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. 28ರ ಆಟದಲ್ಲಿ ಈಗ ತುರುಫು ಕೇಳುವುದಿಲ್ಲ. ರೇಗುವುದು ಹಾಗೇ ಇದೆ. ಅದು ಬಿ12 ಕೊರತೆಯದ್ದಾಗಿರಲಿಲ್ಲ ಅಂತ ಕಾಣುತ್ತದೆ.

ಇಂಜೆಕ್ಷನ್ ಹೆದರಿಕೆ ಇರುವವರಿಗೆ ಮಾತ್ರೆಯೂ ಇದೆ. 1,000 ಮೈಕ್ರೋಗ್ರಾಂ ಮಾತ್ರೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಯಾವ ಚೀಟಿಯೂ ಇಲ್ಲದೆ ಕರುಳಿನಿಂದ ಒಳಕ್ಕೆ ನುಸುಳುತ್ತದೆ. ದಿನದ ಅಗತ್ಯಕ್ಕೆ ಅದೇ ಸಾಕು. ನರದ ತೊಂದರೆ ಇದ್ದರೆ ಮಾತ್ರ ಡಾಕ್ಟರುಗಳು ಇಂಜೆಕ್ಷನ್ನಿನಿಂದಲೇ ಶುರು ಮಾಡುತ್ತಾರೆ. ಒಂದು ಕಿವಿಮಾತು: ಮೊದಲು ರಕ್ತ ಕೊಡಿ, ಆಮೇಲೆ ಸೂಜಿ. ಸುಸ್ತು ಅಂದ ಕೂಡಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಂಪು ಇಂಜೆಕ್ಷನ್ ಹಾಕಿಸಿಕೊಂಡು ಮರುವಾರ ಪರೀಕ್ಷೆಗೆ ಹೋದರೆ ಬಿ12 ಬೆಟ್ಟದಷ್ಟು ಕಾಣುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. 200ರಿಂದ 300ರ ನಡುವೆ ಬಂದು ಲಕ್ಷಣವೂ ಇದ್ದರೆ ಹೋಮೋಸಿಸ್ಟೀನ್, ಮೀಥೈಲ್ ಮೆಲೊನಿಕ್ ಆಸಿಡ್ ಅಂತ ಇನ್ನೆರಡು ಪರೀಕ್ಷೆಗಳಿವೆ. ಇವು ದುಬಾರಿ, ಎಲ್ಲ ಕಡೆ ಮಾಡುವುದೂ ಇಲ್ಲ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಆಗಾಗ ಬಿ12 ನೋಡಬೇಕು ಅಂತ ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯಲ್ಲೇ ಇದೆ. ಹಾಗಂತ ಮೆಟ್‌ಫಾರ್ಮಿನ್ ಬಿಡುವಂತಿಲ್ಲ. ಅದನ್ನು ಬಿಟ್ಟು ಸಕ್ಕರೆ ಏರಿಸಿಕೊಂಡರೆ ಅದೇ ನರಗಳಿಗೆ ಇನ್ನೊಂದು ಪೆಟ್ಟು.

ಕೈಲ್ ಮುಹೂರ್ತಕ್ಕೋ ಹುತ್ತರಿಗೋ ಊರಿಗೆ ಹೋಗುವವರು ಈ ಸಲ ಅಪ್ಪ ಅಮ್ಮನ ಮಾತ್ರೆ ಡಬ್ಬ ತೆರೆದು ನೋಡಿ. ನಾನು ದೊಡ್ಡಪ್ಪನದ್ದನ್ನು ಮೇಜಿನ ಮೇಲೆ ಸುರಿದಾಗ ಬೇರೆ ಬೇರೆ ಹೆಸರಿನ ಎರಡು ಗ್ಯಾಸ್ ಮಾತ್ರೆ ಸ್ಟ್ರಿಪ್ಪುಗಳು ಸಿಕ್ಕವು. ಒಂದನ್ನು ಶುಗರ್ ಡಾಕ್ಟರು ಬರೆದದ್ದು, ಇನ್ನೊಂದನ್ನು ಯಾವಾಗಲೋ ಸೊಂಟ ನೋವಿನ ಮಾತ್ರೆಯ ಜೊತೆ ಕೊಟ್ಟದ್ದು. ಸೊಂಟ ನೋವು ಹೋಗಿ ಕಾಲವಾಗಿತ್ತು. ಹಿಂದೆ ಸಣ್ಣ ಅಕ್ಷರದಲ್ಲಿ ಎರಡರಲ್ಲೂ ಪ್ಯಾಂಟೊಪ್ರಜೋಲ್. ಬೆಳಗ್ಗೆ ಒಂದು, ರಾತ್ರಿ ಒಂದು ಅಂತ ತಪ್ಪದೆ ನುಂಗುತ್ತಿದ್ದರು, ಮಿಲಿಟರಿ ಶಿಸ್ತಲ್ವಾ. ಡಾಕ್ಟರು ರಾತ್ರಿಯದ್ದನ್ನು ನಿಲ್ಲಿಸಿದರು. ಇನ್ನೊಂದನ್ನು ಒಂದೇ ಸಲ ನಿಲ್ಲಿಸಿದರೆ ಹುಳಿತೇಗು ಜೋರಾಗಿ ವಾಪಸ್ ಬರುತ್ತದೆ ಅಂತ ನಿಧಾನವಾಗಿ ಇಳಿಸುತ್ತಿದ್ದಾರೆ. ದೊಡ್ಡಪ್ಪನಿಗೆ ಇದು ಸಮಾಧಾನ ತಂದಿಲ್ಲ. ಭಾನುವಾರ ರಾತ್ರಿಗೆ ಮಾತ್ರ ಒಂದು ಇಟ್ಟುಕೊಳ್ಳಲಾ ಅಂತ ಮುಂದಿನ ಸಲ ಹೋದಾಗ ಕೇಳುತ್ತಾರಂತೆ.